‘ಕ’ಕಾರದ ಸಂಖ್ಯೆ

ದಾವಣಗೆರೆಯಲ್ಲಿ ಬೆರಳಚ್ಚಾದ ಹಳೆಯ ಕನ್ನಡ ಕಡತವನ್ನು ನೆರೆಯ ಹರಿಹರದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುವುದುಂಟು. ಇದೇಕೆ? ಗಣಕವು ಅಕ್ಷರವನ್ನರಿಯದು, ಸಂಖ್ಯೆಯನ್ನಷ್ಟೇ ಬಲ್ಲದು. ಹಿಂದಿನ ಕನ್ನಡ ಫಾಂಟುಗಳು ರೋಮನ್ ಲಿಪಿಯ ಸಂಖ್ಯೆಗಳ ಮೇಲೆಯೇ ನಮ್ಮ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ಆ ಫಾಂಟಿಲ್ಲದೆಡೆ ರೋಮನ್ ರೂಪವೇ ಹೊರಬೀಳುವುದು. ಪರಿವರ್ತನೆಗೊಳ್ಳದ ದಾಖಲೆಗಳು ಓದಲಾಗದಂತಾದಾವೆಂಬ ಭಯ ನಮಗುಂಟು.

ಭಾರತದ ‘ಇಸ್ಕಿ’ ಮಾನಕವು ನಮ್ಮ ಲಿಪಿಗಳ ಸಮಾನ ಅಕ್ಷರಗಳಿಗೆ ಸಮಾನ ಸ್ಥಾನವನ್ನಿತ್ತಿತು. ಜಾಣ ಏರ್ಪಾಡು! 1991ರಲ್ಲಿ ಮೊದಲು ಪ್ರಕಟವಾದ, ಇಂದು ದೇಶದೇಶಗಳಲ್ಲಿ ಬಳಕೆಯಲ್ಲಿರುವ ಯೂನಿಕೋಡ್ ಅದೇ ಕ್ರಮವನ್ನನುಸರಿಸಿ ಕನ್ನಡ, ತೆಲುಗುಗಳಿಗೆ ತಲಾ 128 ಮನೆಗಳನ್ನು ಕೊಟ್ಟಿತು. ತೆಲುಗಿನ ‘ಕ’ 3093. ಅದಕ್ಕೆ 128 ಕೂಡಿಸಿದರೆ 3221, ಅದೇ ಕನ್ನಡದ ‘ಕ’. ಹರಿಹರದಲ್ಲಾಗಲಿ ಟೋಕಿಯೋದಲ್ಲಾಗಲಿ ಯೂನಿಕೋಡಿನಲ್ಲಿ ಅದರ ಸಂಖ್ಯೆ ಇದೇ. ತೆಲುಗಿನ ‘ಮ’ 3118. ಕನ್ನಡದ್ದನ್ನು ವಾಚಕರೇ ಗಣಿಸಲಿ.