ಗಣಿತ ಓದದಿದ್ದರೂ ಒಳಾಂಗಣ ವಿನ್ಯಾಸ ಕಲಿಯಬಹುದು

ಶಿರಗುಪ್ಪಿಯ ತಂಗಿ,

ಕಾಮರ್ಸ್ ಓದಿದವರಿಗೆ ಒಳಾಂಗಣ ವಿನ್ಯಾಸದ ದಾರಿ ಇಲ್ಲ ಎಂದು ನಿನಗೆ ಹೇಳಿದವರು ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಅನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿರುವಂಥ ಆ 5 ವರ್ಷದ ಪದವಿಗೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬೇಕೇ ಬೇಕು. 4 ವರ್ಷದ ಬಿ.ಡಿಸೈನ್‌ಗೆ ಆ ಕಟ್ಟುಪಾಡಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) ಪ್ರವೇಶ ಪರೀಕ್ಷೆಯನ್ನು ಯಾವ ವಿಭಾಗದವರಾದರೂ ಬರೆಯಬಹುದು. ಮೊದಲ ಹಂತ ದಾಟಿದವರಿಗೆ ಸ್ಟುಡಿಯೋ ಪರೀಕ್ಷೆ ಇರುತ್ತದೆ.

ನಿನ್ನ ಕೆಲಸಗಳನ್ನು ಜೋಡಿಸಿಡುವ ಪೋರ್ಟ್‌ಫೋಲಿಯೊಗೆ ಅಂತರ್ಜಾಲದ ಸೋಫಾ, ಫಾಲ್ಸ್ ಸೀಲಿಂಗ್ ಚಿತ್ರಗಳನ್ನು ನಕಲು ಮಾಡಬೇಡ. ನಿಮ್ಮೂರಿನ ಒಂದು ಹಳೆಯ ಮಾಳಿಗೆ ಮನೆಗೆ ಟೇಪು ಹಿಡಿದು ಹೋಗು. ಪಡಸಾಲೆಯ ಉದ್ದಗಲ, ಕಟ್ಟೆಯ ಎತ್ತರ, ಜಂತಿಗಳ ನಡುವಿನ ಅಂತರ, ಗೋಡೆಯ ದಪ್ಪ ಅಳೆದು ನಕ್ಷೆ ಬರಿ. ಬೆಳಕಿಂಡಿಯಿಂದ ಬಿದ್ದ ಬಿಸಿಲು ಬೆಳಿಗ್ಗೆ ಎಲ್ಲಿತ್ತು, ಮಧ್ಯಾಹ್ನ ಎಲ್ಲಿಗೆ ಸರಿಯಿತು ಎಂಬುದನ್ನೂ ಗುರುತು ಹಾಕು. ಅಜ್ಜಿ ಎಲ್ಲಿ ಕೂತು ಕಾಳು ಹಸನು ಮಾಡುತ್ತಾರೆ, ಆ ಜಾಗವೇ ಯಾಕೆ ಎಂದು ಕೇಳಿ ಬರೆದುಕೋ. ಒಳಾಂಗಣ ವಿನ್ಯಾಸ ಎಂದರೆ ಮುಖ್ಯವಾಗಿ ಇದೇ. ಬಣ್ಣ, ಪರದೆ ಆಮೇಲಿನ ಮಾತು. ಅಳಿಸಿ ತಿದ್ದಿದ ಹಾಳೆಗಳನ್ನೂ ಜೋಡಿಸು. ನೀನು ಹೇಗೆ ಯೋಚಿಸುತ್ತೀ ಎಂಬುದು ಅವುಗಳಲ್ಲೇ ಕಾಣುತ್ತದೆ.

ಅಪ್ಪಾಜಿಗೆ ಒಂದು ವಿಷಯ ಮುಚ್ಚಿಡದೆ ತಿಳಿಸು. ಬಿ.ಡಿಸೈನ್ ಪದವಿಯನ್ನಷ್ಟೇ ಪಡೆದವರು ಆರ್ಕಿಟೆಕ್ಟ್ ಎಂದು ಬೋರ್ಡು ಹಾಕುವಂತಿಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಆ ಹೆಸರನ್ನು ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿದವರಿಗೆ ಮಾತ್ರ ಕೊಟ್ಟಿದೆ. ಮನೆ, ಅಂಗಡಿ, ಆಸ್ಪತ್ರೆಗಳ ಒಳಾಂಗಣದ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ.

ಖಾಸಗಿ ಕಾಲೇಜಾದರೆ ಶುಲ್ಕ ಕಟ್ಟುವ ಮೊದಲೇ, ಅವರು ಕೊಡುವುದು ಪದವಿಯೋ ಡಿಪ್ಲೊಮಾವೋ, ಯಾವ ವಿಶ್ವವಿದ್ಯಾಲಯದ್ದು ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆದುಕೋ.