ಕಡಲತಡಿಯ ವಿಮಾನ ನಿಲ್ದಾಣದ ಹವೆ: ಮಂಗಳೂರಿನ ನಿದರ್ಶನದಿಂದ ಒಂದು ಪಾಠ

ರಾಯದುರ್ಗ, ಮಡಕಶಿರ ಭಾಗದ ನಮ್ಮ ಮಕ್ಕಳಲ್ಲಿ ಹಲವರು ಕಡಲನ್ನು ಕಂಡವರಲ್ಲ. ಆದರೆ ಗಾಳಿಯನ್ನು ಅವರು ಬಲ್ಲರು. ಕಣದಲ್ಲಿ ತೂರುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿಕೊಂಡು ಮೊರ ಎತ್ತುವ ಮನೆಗಳಿಂದ ಬಂದವರು ಅವರು. ಹವಾಮಾನದ ಪಾಠವನ್ನು ಈ ಅನುಭವದಿಂದ ಆರಂಭಿಸುವುದು ಯುಕ್ತ.

ನೈಋತ್ಯ ಮಾರುತವೆಂದರೆ ನೈಋತ್ಯದ ಕಡೆಗೆ ಹೋಗುವ ಗಾಳಿ ಎಂದು ತಿಳಿಯುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುತ್ತಾರೆ. ಗಾಳಿಗೆ ಹೆಸರು ಬರುವುದು ಅದು ಹೊರಟು ಬಂದ ದಿಕ್ಕಿನಿಂದ. ಇದನ್ನು ಮನಗಾಣಿಸಲು ಮಂಗಳೂರಿನ ಬಜಪೆ ವಿಮಾನ ನಿಲ್ದಾಣ ಒಳ್ಳೆಯ ನಿದರ್ಶನ. ಅಲ್ಲಿ 2006ರಲ್ಲಿ ಬಳಕೆಗೆ ಬಂದ ರನ್‌ವೇಯ ಉದ್ದ 2,450 ಮೀಟರ್. ಅದರ ಒಂದು ತುದಿಯಲ್ಲಿ 24 ಎಂದೂ ಮತ್ತೊಂದು ತುದಿಯಲ್ಲಿ 06 ಎಂದೂ ಬರೆದಿದೆ. 24 ಎಂದರೆ ವಿಮಾನವು ಸುಮಾರು 240 ಡಿಗ್ರಿಯ ಕಡೆಗೆ, ಅಂದರೆ ನೈಋತ್ಯಕ್ಕೆ ಮುಖಮಾಡಿ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ಬರುವುದೂ ಹೆಚ್ಚಾಗಿ ಆ ಕಡಲ ಕಡೆಯಿಂದಲೇ. ಹೀಗಾಗಿ ಅದು ಎದುರುಗಾಳಿ. 24ಕ್ಕೂ 06ಕ್ಕೂ 18ರ ಅಂತರವೇಕೆ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಎದುರುಗಾಳಿ ಒಳ್ಳೆಯದೇಕೆ? ಗಾಳಿಗೆ ಹೋಲಿಸಿದರೆ ವಿಮಾನದ ವೇಗ 140 ನಾಟ್ ಇರಲಿ. (ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.) ಎದುರುಗಾಳಿ 10 ನಾಟ್ ಇದ್ದರೆ ನೆಲಕ್ಕೆ ಹೋಲಿಸಿದ ವೇಗ 130, ಹಿಂಗಾಳಿ ಅಷ್ಟೇ ಇದ್ದರೆ 150. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದರಿಂದ 22,500ನ್ನು 16,900ರಿಂದ ಭಾಗಿಸಿ ನೋಡಿದರೆ, ಬ್ರೇಕುಗಳು ಹಿಡಿದು ನಿಲ್ಲಿಸಬೇಕಾದ ಶಕ್ತಿ ಸುಮಾರು ಮೂರನೆಯ ಒಂದು ಪಾಲು ಹೆಚ್ಚು. ಗಣಿತದ ಶಿಕ್ಷಕರು ಈ ಲೆಕ್ಕವನ್ನು ಬಿಡಬಾರದು. ಮಳೆಯ ನೀರು ತೆಳುವಾದ ಪೊರೆಯಾಗಿ ನಿಂತಿದ್ದರೆ ಚಕ್ರದ ಹಿಡಿತವೂ ತಗ್ಗುತ್ತದೆ. ಮಂಗಳೂರಿನ ರನ್‌ವೇ ಗುಡ್ಡದ ತಲೆಯನ್ನು ಸಮತಟ್ಟು ಮಾಡಿ ನಿರ್ಮಿಸಿದುದು, ತುದಿಗಳಾಚೆ ಕಣಿವೆ.

ಗೋಚರತೆ, ಮೋಡದ ತಳದ ಎತ್ತರ, ಉಷ್ಣತೆ, ಇಬ್ಬನಿ ಬಿಂದು, ವಾಯುಭಾರ ಇವೆಲ್ಲವೂ ವಿಮಾನ ನಿಲ್ದಾಣದ ಹವಾ ವರದಿಯಲ್ಲಿ ಅರ್ಧ ಗಂಟೆಗೊಮ್ಮೆ ಪೈಲಟ್‌ಗೆ ದೊರೆಯುತ್ತವೆ. ಉಷ್ಣತೆಯೂ ಇಬ್ಬನಿ ಬಿಂದುವೂ ಸಮೀಪಿಸಿದರೆ ಮಂಜು ಕವಿಯುವ ಸಂಭವವಿದೆ. ಇಲ್ಲೊಂದು ಭಾಷೆಯ ಮಾತು: ತೆಲುಗಿನ ‘ಮಂಚು’ ಇಬ್ಬನಿಗೂ ಹಿಮಕ್ಕೂ ಸಲ್ಲುತ್ತದೆ. ನಮ್ಮ ಮಕ್ಕಳು ‘ಮಂಜು’ವನ್ನು ಅದೇ ವ್ಯಾಪ್ತಿಯಲ್ಲಿ ಬಳಸಿದರೆ ಗದರಿಸದೆ, ಇಬ್ಬನಿ, ಮಂಜು, ಹಿಮ ಮೂರನ್ನೂ ಬೇರ್ಪಡಿಸಿ ತೋರಿಸಬೇಕು. ‘ಎದುರುಗಾಳಿ’ಯಾದರೋ ಎರಡು ಭಾಷೆಗಳಿಗೂ ಸಮಾನ, ಆ ಪದವಿರುವಾಗ ಹೊಸ ಪದವನ್ನು ಹುಡುಕುವ ಶ್ರಮ ಬೇಡ.

ಮಂಗಳೂರು ಎಂದೊಡನೆ ಮಕ್ಕಳು 2010ರ ಮೇ 22ರ ದುರಂತವನ್ನು ಕೇಳಿಯೇ ಕೇಳುತ್ತಾರೆ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ಮಳೆಯಿಂದ ಹಾಗಾಯಿತು ಎಂದು ಉತ್ತರಿಸಿ ಮುಗಿಸುವುದು ಸುಲಭ. ಆದರೆ ಅದು ಸತ್ಯವಲ್ಲ. ಆ ಬೆಳಗ್ಗೆ ಗಾಳಿ ಶಾಂತವಾಗಿತ್ತು, ಆರು ಕಿ.ಮೀ. ದೂರ ಕಾಣುತ್ತಿತ್ತು. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿ ಬಂದು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ದಾಟಿದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೂ ಇಳಿಯುವಿಕೆ ನಿಲ್ಲಲಿಲ್ಲ ಎಂದು ತನಿಖೆ ತಿಳಿಸಿತು. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ಮಾತ್ರ ಮಳೆಯೂ ಹಿಂಗಾಳಿಯೂ ಇದ್ದವು. ಅಲ್ಲಿಯೂ ವಿಮಾನ ನೆಲ ಮುಟ್ಟಿದ್ದು ಬಹಳ ಮುಂದೆ. 21 ಜನ ತೀರಿಕೊಂಡರು. ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿ ಬರೆದು, ಹವೆಯ ಪಾಲೆಷ್ಟು, ಮನುಷ್ಯನ ನಿರ್ಧಾರದ ಪಾಲೆಷ್ಟು ಎಂದು ಮೇಲಿನ ತರಗತಿಗಳಲ್ಲಿ ಚರ್ಚಿಸಬಹುದು. ಚಿಕ್ಕ ಮಕ್ಕಳಿಗೆ ಸಾವಿನ ವಿವರ ಬೇಡ.

ಚಟುವಟಿಕೆಗೆ ಹಳೆಯ ಅಂಗಿಯ ಒಂದು ತೋಳು ಸಾಕು. ಅದರ ಅಗಲದ ಬಾಯಿಗೆ ತಂತಿಯ ಬಳೆ ಹೊಲಿದು ಕೋಲಿಗೆ ಕಟ್ಟಿ, ಶಾಲೆಯ ಬಯಲಿನಲ್ಲಿ ನಿಲ್ಲಿಸಿರಿ. ಜೂನ್, ಜುಲೈ ತಿಂಗಳುಗಳಲ್ಲಿ ಪ್ರಾರ್ಥನೆಯ ವೇಳೆಗೊಮ್ಮೆ, ಶಾಲೆ ಬಿಡುವ ವೇಳೆಗೊಮ್ಮೆ ಗಾಳಿ ಬರುವ ದಿಕ್ಕನ್ನು ಡಿಗ್ರಿಗಳಲ್ಲಿ ಮಕ್ಕಳು ಬರೆದಿಡಲಿ. ತಿಂಗಳ ಕೊನೆಗೆ ಕೇಳಬೇಕಾದ ಪ್ರಶ್ನೆ: ನಮ್ಮ ಬಯಲಿನಲ್ಲಿ ರನ್‌ವೇ ಹಾಕುವುದಾದರೆ ಅದರ ಎರಡು ತುದಿಗಳಲ್ಲಿ ಯಾವ ಸಂಖ್ಯೆಗಳನ್ನು ಬರೆಯುವಿರಿ?