ಕಬ್ಬಿನ ಟ್ರೇಲರ್ ಹಿಂದಿನ ಸಾವು, ಮಕ್ಕಳ ಪಾಲಿನ ಹಣ

ಗಲಗಲಿ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಾತ್ರಿ ಕಾರು ಹತ್ತಿ ಹೋದವರು ಮನೆ ಮುಟ್ಟುವವರೆಗೆ ಮನೆಯವರಿಗೆ ನಿದ್ದೆಯಿಲ್ಲ. ಮುಧೋಳ, ಜಮಖಂಡಿ, ಬೀಳಗಿ, ಬನಹಟ್ಟಿ, ಯಾವ ದಾರಿ ಹಿಡಿದರೂ ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಪಂಕ್ಚರ್ ಆದದ್ದನ್ನು ರಸ್ತೆಯ ಮೇಲೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು ಹೋಗಿಬಿಡುತ್ತಾರೆ. ಹಿಂದೆ ದೀಪವಿರುವುದಿಲ್ಲ. ರೇಡಿಯಂ ಪಟ್ಟಿ ಇದ್ದರೂ ಜೋತುಬಿದ್ದ ರವದಿ ಅದನ್ನು ಮುಚ್ಚಿರುತ್ತದೆ. ಕಾರಿನ ಬಾನೆಟ್ಟು ಟ್ರೇಲರಿನ ಅಡಿಗೆ ನುಗ್ಗುತ್ತದೆ. ಟ್ರೇಲರಿನ ಕಬ್ಬಿಣದ ಅಂಚು ಕೂತವರ ತಲೆಯ ಮಟ್ಟಕ್ಕೇ ಬಂದು ಬಡಿಯುತ್ತದೆ. ಅಂಥ ಪೆಟ್ಟಿಗೆ ಏರ್‌ಬ್ಯಾಗು ತಡೆಯಾಗುವುದು ಕಡಿಮೆ. ಇದೇ ಸಾಲನ್ನು ಹಿಂದಿಕ್ಕಲು ಹೋಗಿ ಎದುರು ಬಂದ ವಾಹನಕ್ಕೆ ಮುಖಾಮುಖಿ ಬಡಿಯುವುದು ಇನ್ನೊಂದು ಬಗೆ. 2024ರ ಜನವರಿ ಕೊನೆಯಲ್ಲಿ ಜಮಖಂಡಿ ಹತ್ತಿರದ ಆಲಗೂರಿನಲ್ಲಿ ಶಾಲಾ ಬಸ್ಸಿಗೂ ಟ್ರ್ಯಾಕ್ಟರಿಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು.

ನನ್ನ ಕಾಕಾನ ಮಗ ಹೋದದ್ದು ನಿಂತ ಟ್ರೇಲರಿನಿಂದ. ಕಾರು ಗೆಳೆಯನದು, ಓಡಿಸಿದವನೂ ಅವನೇ. ಅಣ್ಣ ಪಕ್ಕದಲ್ಲಿ ಕೂತಿದ್ದ. 38 ವರ್ಷ. ಮನೆಯಲ್ಲಿ ವೈನಿ, ಇಬ್ಬರು ಮಕ್ಕಳು, ವಯಸ್ಸಾದ ಕಾಕು.

ದಿನಕರ್ಮ ಮುಗಿಯುವ ಮೊದಲೇ ಟ್ರ್ಯಾಕ್ಟರಿನ ಮಾಲೀಕ ಹಿರಿಯರನ್ನು ಕರೆದುಕೊಂಡು ಬಂದ. ಪಕ್ಕದ ಊರವನು, ನಮಗೆ ಬೇಕಾದವನೇ. ಒಂದಿಷ್ಟು ರೊಕ್ಕ ಮುಂದಿಟ್ಟು, "ಕೇಸು ಗೀಸು ಬ್ಯಾಡ, ಇಲ್ಲೇ ಮುಗಿಸೂಣು" ಅಂದರು. ಕಾಕು ಗೋಡೆಗೆ ಒರಗಿ ಕೂತಲ್ಲಿಂದಲೇ, "ಮಗನ ಹೆಣದ ಮ್ಯಾಲಿನ ರೊಕ್ಕ ನಮಗ ಬ್ಯಾಡಪಾ. ಈ ಟ್ರ್ಯಾಕ್ಟರಿನವನ ಮಕ್ಕಳೂ ಬೀದಿಗೆ ಬರೂದು ಬ್ಯಾಡ" ಅಂದಳು.

"ಕಾಕು, ರೊಕ್ಕ ಇವ ಕೊಡೂದಲ್ಲ, ವಿಮಾ ಕಂಪನಿ ಕೊಡೂದು. ಅದು ಹುಡುಗರ ಸಾಲಿ ರೊಕ್ಕ" ಅಂದೆ ನಾನು.

ನಮ್ಮಲ್ಲಿ ಎಷ್ಟೋ ಮನೆಗಳು ಪರಿಹಾರ ಕೇಳದೆ ಸುಮ್ಮನಾಗುವುದು ಈ ಸಂಕೋಚಕ್ಕೆ. ಟ್ರ್ಯಾಕ್ಟರಿಗೂ ಟ್ರೇಲರಿಗೂ ವಿಮೆ ಚಾಲ್ತಿಯಲ್ಲಿದ್ದರೆ ಸಾಮಾನ್ಯವಾಗಿ ಪರಿಹಾರದ ಭಾರ ಕಂಪನಿಯದು. ಟ್ರೇಲರಿಗೆ ವಿಮೆ ಮಾಡಿಸದ ಮಾಲೀಕ ಮಾತ್ರ ಹೊಲ ಮಾರುವ ಸ್ಥಿತಿಗೆ ಬರುತ್ತಾನೆ; ಕೃಷಿ ಕೆಲಸಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಕಬ್ಬು ಹೊಡೆದರೂ ಕಂಪನಿ ತಕರಾರು ತೆಗೆಯುತ್ತದೆ. ಟ್ರ್ಯಾಕ್ಟರ್ ಇಟ್ಟವರು ಹಂಗಾಮಿಗೆ ಮುಂಚೆಯೇ ಪಾಲಿಸಿ ತೆಗೆದು ಓದಿಕೊಳ್ಳಬೇಕು.

ಮೋಟಾರು ವಾಹನ ಕಾಯ್ದೆಯಲ್ಲಿ ದಾರಿ ಎರಡು. 164ನೇ ಕಲಮಿನಲ್ಲಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ. 166ರಲ್ಲಿ ತಪ್ಪನ್ನೂ ಆದಾಯವನ್ನೂ ತೋರಿಸಿ ಪೂರ್ತಿ ಪರಿಹಾರ ಕೇಳಬಹುದು. ಅವಸರಕ್ಕೆ ಆ 5 ಲಕ್ಷ ಒಪ್ಪಿಕೊಂಡರೆ ಎರಡನೆಯ ದಾರಿ ಮುಚ್ಚಿಹೋಗುತ್ತದೆ. ಗುದ್ದಿ ಓಡಿಹೋದ ವಾಹನ ಸಿಗದೇ ಇದ್ದರೆ ಸಾವಿಗೆ 2 ಲಕ್ಷದ ಬೇರೆ ಯೋಜನೆಯಿದೆ.

166ರ ಲೆಕ್ಕವನ್ನು ಕೂತು ಹಾಕಿ ನೋಡಬೇಕು. ಸುಪ್ರೀಂ ಕೋರ್ಟಿನ ಸರಳಾ ವರ್ಮಾ (2009), ಪ್ರಣಯ್ ಸೇಠಿ (2017) ತೀರ್ಪುಗಳು ಇದಕ್ಕೆ ಆಧಾರ. ಸ್ವಂತ ದುಡಿಮೆಯ, 40 ತುಂಬದ ಮನುಷ್ಯನ ಆದಾಯಕ್ಕೆ ಮುಂದಿನ ಏಳಿಗೆಯೆಂದು ಶೇ 40 ಕೂಡಿಸುತ್ತಾರೆ. ಅವಲಂಬಿತರು ನಾಲ್ವರಾದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ. 36ರಿಂದ 40 ವಯಸ್ಸಿಗೆ ಗುಣಕ 15. ತಿಂಗಳಿಗೆ 15,000 ಹಿಡಿದರೆ 28,35,000 ರೂಪಾಯಿ. 20,000 ಹಿಡಿದರೆ 37,80,000. ಅಂದರೆ ತಿಂಗಳ ಆದಾಯದಲ್ಲಿ ಒಂದು ಸಾವಿರ ಹೆಚ್ಚು ಸಾಬೀತಾದರೆ 1,89,000 ಹೆಚ್ಚು. ಅಂತ್ಯಕ್ರಿಯೆಯ ಖರ್ಚು, ಮನೆಯವರು ಕಳೆದುಕೊಂಡ ಸಾಂಗತ್ಯ ಮುಂತಾದವಕ್ಕೆ ಕೊಡುವುದು ಬೇರೆ.

ಹೀಗಾಗಿ ವೈನಿಯ ಟ್ರಂಕು ತೆಗೆಸಿ ಕೂತೆವು. ಕಾರ್ಖಾನೆಯ ಕಬ್ಬಿನ ಬಿಲ್ಲುಗಳು, ತೂಕದ ಚೀಟಿಗಳು, ಡೇರಿಯ ಪಾಸ್‌ಬುಕ್ಕು, ಸೊಸೈಟಿ ಸಾಲದ ಕಾಗದ, ಹೊಲದ ಉತಾರ. ಕೆಲವು ಚೀಟಿಗಳ ಮಸಿ ಆಗಲೇ ಮಾಸಿತ್ತು, ಜೆರಾಕ್ಸ್ ಮಾಡಿಸಿದೆವು. ರೈತ ಸತ್ತಾಗ ವಿಮೆಯ ವಕೀಲರು ಎತ್ತುವ ಮಾತು ಒಂದಿದೆ: ಹೊಲ ಎಲ್ಲಿಯೂ ಹೋಗಿಲ್ಲವಲ್ಲ, ನಷ್ಟವೇನು? ನೀರು ಕಟ್ಟಿ, ಗ್ಯಾಂಗು ಹಿಡಿದು, ಸಾಲ ತಂದು ಆ ಹೊಲವನ್ನು ನಡೆಸಿದವನು ಹೋಗಿದ್ದಾನೆ ಎಂಬುದನ್ನು ಈ ಕಾಗದಗಳೇ ಹೇಳಬೇಕು. ಗಂಡನ ಹೆಸರಿನ ಒಂದು ಚೀಟಿಯನ್ನೂ ವೈನಿ ಹರಿದು ಎಸೆದಿರಲಿಲ್ಲ. ಆ ಶಿಸ್ತಿನಿಂದ ಮಕ್ಕಳಿಗೆ ಲಕ್ಷಗಳ ಅನುಕೂಲವಾಯಿತು.

ಪೊಲೀಸರಿಂದ ಎಫ್‌ಐಆರ್, ಪಂಚನಾಮೆ, ಶವಪರೀಕ್ಷೆಯ ವರದಿ, ವಾಹನ ತಪಾಸಣೆಯ ವರದಿ, ಚಾರ್ಜ್‌ಶೀಟು, ಇವುಗಳ ನಕಲು ಬೇಕು. ಪಂಚನಾಮೆಯಲ್ಲಿ ಟ್ರೇಲರಿಗೆ ದೀಪವಿರಲಿಲ್ಲ ಎಂಬುದು ಬಂದಿದೆಯೇ ಎಂದು ನೋಡಿ. ತಪ್ಪು ಕಾರಿನವನದೇ ಎಂದು ಟ್ರ್ಯಾಕ್ಟರಿನ ವಿಮೆಯವರು ಹೇಳಿಯೇ ಹೇಳುತ್ತಾರೆ. ಆದರೆ ಎರಡೂ ವಾಹನಗಳ ತಪ್ಪಿದ್ದಾಗ, ಬರೀ ಕೂತಿದ್ದವನ ಮನೆಯವರು ಪೂರ್ತಿ ಹಣವನ್ನು ಯಾರೊಬ್ಬರಿಂದಲಾದರೂ ಪಡೆಯಬಹುದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಕಾರು ಓಡಿಸಿದವನೇ ತೀರಿಕೊಂಡರೆ ಅವನ ತಪ್ಪಿನ ಪಾಲು ಕಡಿತವಾಗುತ್ತದೆ. ಕಾರು ಅವನ ಹೆಸರಿನದೇ ಆಗಿದ್ದರೆ ಪಾಲಿಸಿಯಲ್ಲಿ ಮಾಲೀಕ–ಚಾಲಕನ 15 ಲಕ್ಷದ ಅಪಘಾತ ವಿಮೆ ಇದೆಯೇ ಹುಡುಕಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಬಿಮಾ, 436 ಆಗಿದ್ದರೆ ಜೀವನ ಜ್ಯೋತಿ. ಒಂದೊಂದಕ್ಕೂ 2 ಲಕ್ಷ. ಈ ಹಣ ಕೋರ್ಟಿನ ಪರಿಹಾರದಲ್ಲಿ ಕಡಿತವಾಗುವುದಿಲ್ಲ.

ಅರ್ಜಿಗೆ ಕಾಯ್ದೆಯ ಗಡುವು ಅಪಘಾತದ ದಿನದಿಂದ ಆರು ತಿಂಗಳು. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ತಡವಾಯಿತೆಂಬ ಕಾರಣಕ್ಕೇ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನಂಬಿ ಕೂರಬೇಡಿ. ಅಪಘಾತ ಎಲ್ಲೇ ಆಗಿರಲಿ, ನೀವಿರುವ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು.

ಲೋಕ ಅದಾಲತ್‌ನಲ್ಲಿ ಕಂಪನಿ ಮೊತ್ತ ಹೇಳಿದಾಗ ಮೇಲಿನ ಲೆಕ್ಕದ ಹಾಳೆ ಕೈಯಲ್ಲಿರಲಿ, ಏಕೆಂದರೆ ಅಲ್ಲಿ ಸಹಿ ಹಾಕಿದ ಮೇಲೆ ಮೇಲ್ಮನವಿಯಿಲ್ಲ. ನ್ಯಾಯಮಂಡಳಿಯ ತೀರ್ಪು ಕಡಿಮೆಯೆನಿಸಿದರೆ 90 ದಿನಗಳೊಳಗೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬಹುದು. ಪರಿಹಾರದಲ್ಲಿ ಇಷ್ಟು ಪಾಲು ಎಂದು ವಕೀಲರು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಯಾವ ಹೆಣ್ಣುಮಗಳಿಗಾದರೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ವೈನಿ ಹೋದದ್ದು ಅಲ್ಲಿಗೇ.